ಹೋಗಿ ಬಂದವನ ಲೆಕ್ಕ

(ಬಿಂಡಿಗನವಿಲೆಯಲ್ಲಿ ಕಬಡ್ಡಿ ಆಡುವ ಹುಡುಗ ಹುಡುಗಿಯರ ಮುಂದೆ ನಮ್ಮ ಸಿಬ್ಬಂದಿ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಕಬಡ್ಡಿಯ ಬಗ್ಗೆ ನಾಲ್ಕು ಮಾತನಾಡಲು ಬಿಂಡಿಗನವಿಲೆಗೆ ಬರಬೇಕು ಎಂದಾಗ ನನಗೆ ಮೊದಲು ನೆನಪಾದದ್ದು ಈ ಊರಿನ ಗರುಡ. ಇಲ್ಲಿನ ಚನ್ನಕೇಶವ ಸ್ವಾಮಿ ದೇವಾಲಯದ ಗರುಡನಿಂದಾಗಿಯೇ ಈ ಊರಿನ ಹೆಸರು ನಾಗಮಂಗಲ ತಾಲ್ಲೂಕಿನಾಚೆಗೂ ಹಬ್ಬಿದೆ. ಗರುಡನ ಕಥೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ತಾಯಿ ವಿನತೆಯನ್ನು ದಾಸ್ಯದಿಂದ ಬಿಡಿಸಲು ಅವನು ಒಬ್ಬನೇ ದೇವಲೋಕಕ್ಕೆ ನುಗ್ಗಿದ. ಕಾವಲಿದ್ದವರನ್ನೆಲ್ಲ ದಾಟಿ ಅಮೃತದ ಕಲಶದೊಂದಿಗೆ ವಾಪಸು ಬಂದ. ಕಬಡ್ಡಿ ಆಡಿದವರ ಕಣ್ಣಿಗೆ ಇದು ಒಂದು ರೈಡ್‌ನ ಹಾಗೆಯೇ ಕಾಣುತ್ತದೆ. ಒಬ್ಬ ಹೋಗಬೇಕು. ಎದುರಿಗೆ ಏಳು ಜನ. ಮುಟ್ಟಬೇಕು, ಮುಟ್ಟಿ ತನ್ನ ಅಂಕಣಕ್ಕೆ ಹಿಂತಿರುಗಬೇಕು. ಹಿಂತಿರುಗದಿದ್ದರೆ ಮುಟ್ಟಿದ್ದೂ ಲೆಕ್ಕಕ್ಕಿಲ್ಲ.

ಹೀಗೆ ಹೋಗಿ ಬರುವವರ ಲೆಕ್ಕದ ಬಗ್ಗೆಯೇ ಇವತ್ತು ನಾನು ಮಾತನಾಡಬೇಕೆಂದಿದ್ದೇನೆ. ಒಂದು ಕಾಲೇಜಿನ ತಂಡವಿದೆ ಎಂದುಕೊಳ್ಳಿ. ಐದು ವರ್ಷದ ಹಿಂದೆ ಅಲ್ಲಿ ಒಬ್ಬ ಹೆಸರಾಂತ ರೈಡರ್ ಇದ್ದ. ಈಗ ಅದೇ ಜಾಗದಲ್ಲಿ ಇನ್ನೊಬ್ಬನಿದ್ದಾನೆ. ಇಬ್ಬರಲ್ಲಿ ಯಾರು ಮೇಲು? ಕೇಳಲು ಇದು ಕಟ್ಟೆಯ ಮೇಲಿನ ಹರಟೆಯಂತೆ ಕಾಣುತ್ತದೆ. ಆದರೆ ತಂಡದ ಆಯ್ಕೆ, ಕ್ರೀಡಾ ಕೋಟಾದ ಸೀಟು, ಕೆಲವರ ಪಾಲಿಗೆ ಮುಂದಿನ ನೌಕರಿ ಕೂಡ ಈ ಹೋಲಿಕೆಯ ಮೇಲೆ ನಿಂತಿರುತ್ತದೆ. ಇಷ್ಟು ಮುಖ್ಯವಾದ ಹೋಲಿಕೆಯನ್ನು ನಾವು ಬಹುಮಟ್ಟಿಗೆ ಬಾಯಿಲೆಕ್ಕದಲ್ಲೇ ಮುಗಿಸುತ್ತೇವೆ.

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನೋಡದೆ ಬೆಳೆದವರು ಕಡಿಮೆ. ಅಂಕಣದ ಸುತ್ತ ಜನ, ನಡುವೆ ಧೂಳು, ಮೈಕಿನಲ್ಲಿ ಒಂದೇ ಸಮನೆ ಕೂಗು. ವರದಿಗೆಂದು ಹೋದ ಒಂದು ರಾತ್ರಿ ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಈಗಿನ್ ಹುಡುಗ್ರದ್ದೇನ್ ಆಟ ಬುಡಪ್ಪ. ನಮ್ ಕಾಲ್ದಲ್ಲಿ ಒಂದೇ ಉಸ್ರಲ್ಲಿ ಮೂರ್ ಜನುನ್ನ ಎಬ್ಬುಸ್ಕಂಡ್ ಬತ್ತಿದ್ದೋ" ಎಂದರು. ಮುಂದೆ ಕೂತಿದ್ದ ಹುಡುಗನೊಬ್ಬ ತಿರುಗಿ, "ತಾತ, ನಿಮ್ ಕಾಲ್ದಲ್ಲಿ ಬೋನಸ್ ಗೆರೆ ಇತ್ತಾ?" ಎಂದು ಕೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ನಿಲ್ಲ ಕಣ್ಲಾ ಮಗ" ಎಂದು ನಕ್ಕರು.

ಆ ಹುಡುಗ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. ಎರಡು ಕಾಲದ ಆಟಗಾರರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸುವ ಮೊದಲು ಅವರು ಆಡಿದ್ದು ಒಂದೇ ಆಟವೇ ಎಂದು ಕೇಳಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ಕಥೆ ಹೇಳಬೇಕು.

ನಾನೂ ಕಾಲೇಜಿನಲ್ಲಿ ರೈಡರ್ ಆಗಿದ್ದವನು. ಕಾಲೇಜಿನ ಹೆಸರು ಇಲ್ಲಿ ಬೇಡ. ಮೊದಲ ವರ್ಷ ಬೆಂಚಿನಲ್ಲಿದ್ದೆ, ಎರಡನೆಯ ವರ್ಷ ಆಡಿದೆ. ಮೂರನೆಯ ವರ್ಷ ಅಂತರ ಕಾಲೇಜು ಪಂದ್ಯಾವಳಿಗೆ ಪಟ್ಟಿ ಹಾಕಿದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಹೋಗಿ ಕೇಳಿದೆ. "ನೋಡಪ್ಪ, ನಿನ್ ಸೀನಿಯರ್ ತಂದ ಅಂಕದಲ್ಲಿ ಅರ್ಧಾನೂ ನೀನು ತಂದಿಲ್ಲ" ಎಂಬ ಉತ್ತರ ಬಂತು. ಹಾಗೆ ಹೇಳಿದವರ ಕೈಯಲ್ಲಿ ಕಾಗದವೇನೂ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಲಾರದೆ ಮೂರು ದಿನ ಬ್ಯಾಗು ತೆಗೆದುಕೊಂಡು ಅಭ್ಯಾಸಕ್ಕೆ ಹೋಗುವವನಂತೆ ಹೊರಗೆ ಹೋಗಿ ಬರುತ್ತಿದ್ದೆ. ಈ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಕೊನೆಗೆ ಮತ್ತೆ ಇದಕ್ಕೇ ಬರುತ್ತೇನೆ.

ಈಗ ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ಕಾಲೇಜುಗಳಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರಲ್ಲಿ ನಮ್ಮ ರೈಡ್‌ಗೆ ತೀರ ಹತ್ತಿರವಾದ ಒಂದು ಕೆಲಸವಿದೆ. ಅದಕ್ಕೆ ಕಿಕ್ ರಿಟರ್ನ್ ಎನ್ನುತ್ತಾರೆ. ಆಟ ಆರಂಭವಾಗುವಾಗ ಮತ್ತು ಒಂದು ತಂಡ ಅಂಕ ಗಳಿಸಿದ ಮೇಲೆ ಚೆಂಡನ್ನು ದೂರಕ್ಕೆ ಒದೆಯುತ್ತಾರೆ. ಎದುರು ತಂಡದ ಒಬ್ಬ ಮೈದಾನದ ತನ್ನ ತುದಿಯಲ್ಲಿ ನಿಂತು ಅದನ್ನು ಹಿಡಿದು ಮುಂದಕ್ಕೆ ಓಡಬೇಕು. ಹನ್ನೊಂದು ಜನ ಅವನ ಮೇಲೆ ಬೀಳಲು ಎದುರಿನಿಂದ ಓಡಿ ಬರುತ್ತಾರೆ. ಅವನನ್ನು ಎಲ್ಲಿ ಕೆಡವುತ್ತಾರೋ ಅಲ್ಲಿಂದ ಅವನ ತಂಡದ ಆಟ ಶುರು. ಯಾರ ಕೈಗೂ ಸಿಗದೆ 100 ಗಜದ ಮೈದಾನದ ಆಚೆ ತುದಿ ಮುಟ್ಟಿದರೆ ಅದು ಟಚ್‌ಡೌನ್, ಒಮ್ಮೆಗೇ ಆರು ಅಂಕ.

ಆ ಕಾಲೇಜುಗಳು ಪ್ರತಿಯೊಂದು ಓಟವನ್ನೂ ಬರೆದಿಡುತ್ತವೆ. ಎಷ್ಟು ಸಲ ಚೆಂಡು ಹಿಡಿದು ಓಡಿದ, ಒಟ್ಟು ಎಷ್ಟು ಗಜ ಓಡಿದ, ಸರಾಸರಿ ಎಷ್ಟು, ಅತಿ ಉದ್ದದ ಓಟ ಎಷ್ಟು ಗಜದ್ದು, ಟಚ್‌ಡೌನ್ ಎಷ್ಟು ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ. ಹಾಗಾಗಿ ಅಲ್ಲಿ ಹತ್ತು ವರ್ಷದ ಹಿಂದಿನ ಹುಡುಗನನ್ನೂ ಇವತ್ತಿನ ಹುಡುಗನನ್ನೂ ಹೋಲಿಸಲು ಕೂರುವವರ ಕೈಯಲ್ಲಿ ಏನಾದರೂ ಇರುತ್ತದೆ. ಆದರೂ ಹೋಲಿಕೆ ಅಲ್ಲೂ ಸುಲಭವಲ್ಲ.

ಒಂದು ಉದಾಹರಣೆ ನೋಡೋಣ. ಕ್ಲೆಮ್ಸನ್ ವಿಶ್ವವಿದ್ಯಾಲಯದ ಸಿ.ಜೆ. ಸ್ಪಿಲ್ಲರ್ 2006ರಿಂದ 2009ರವರೆಗೆ ಆಡಿ ಇಂತಹ ಓಟದಲ್ಲಿ 7 ಟಚ್‌ಡೌನ್ ಗಳಿಸಿದ. ಮೆಂಫಿಸ್ ವಿಶ್ವವಿದ್ಯಾಲಯದ ಟೋನಿ ಪೊಲಾರ್ಡ್ 2016ರಿಂದ 2018ರವರೆಗೆ ಆಡಿ ಅದೇ 7 ಗಳಿಸಿದ. ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಒಂದೇ ಅಂಕಿ. ಆದರೆ ಇಬ್ಬರ ನಡುವಿನ ವರ್ಷಗಳಲ್ಲಿ ನಿಯಮ ಬದಲಾಗಿತ್ತು. 2007ರಲ್ಲಿ ಚೆಂಡು ಒದೆಯುವ ಜಾಗವನ್ನು 35 ಗಜದ ಗೆರೆಯಿಂದ 30 ಗಜದ ಗೆರೆಗೆ ಹಿಂದಕ್ಕೆ ತಂದರು. ಒದ್ದ ಚೆಂಡು ಅಷ್ಟು ಹತ್ತಿರದಲ್ಲೇ ಬೀಳುವುದರಿಂದ ಹಿಡಿದು ಓಡುವ ಅವಕಾಶ ಹೆಚ್ಚಾಯಿತು. 2012ರಲ್ಲಿ ಅದನ್ನು ಮತ್ತೆ 35 ಗಜಕ್ಕೆ ಒಯ್ದರು. ಅಷ್ಟೇ ಅಲ್ಲ, ಚೆಂಡು ತನ್ನ ತುದಿಯ ವಲಯಕ್ಕೆ ಬಂದು ಬಿದ್ದಾಗ ಓಡದೆ ಬಿಟ್ಟವರಿಗೆ ಅದುವರೆಗೆ 20 ಗಜದ ಗೆರೆಯಲ್ಲಿ ಆಟ ಶುರುವಾಗುತ್ತಿದ್ದುದನ್ನು 25ಕ್ಕೆ ಏರಿಸಿದರು. ಓಡದೆ ಸುಮ್ಮನಿದ್ದರೂ 25 ಗಜ ಸಿಗುವುದಾದರೆ ಅಪಾಯಕ್ಕೆ ಯಾಕೆ ಹೋಗಬೇಕು? 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 25 ಗಜದೊಳಗೆ ಎಲ್ಲಿ ಬೇಕಾದರೂ ಕೈಸನ್ನೆ ಮಾಡಿ ಚೆಂಡನ್ನು ಹಿಡಿದು ನಿಂತರೆ ಅದೇ 25 ಗಜ ಕೊಡುವುದೆಂದು ಮಾಡಿದರು. ಪೂರ್ತಿ ವೇಗದಲ್ಲಿ ಎದುರುಬದುರು ಓಡಿ ಬಂದು ಡಿಕ್ಕಿ ಹೊಡೆಯುವಾಗ ಹುಡುಗರ ತಲೆಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡುವುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಹೋಲಿಸುವವರಿಗೆ ಏನಾಯಿತು ನೋಡಿ. ಸ್ಪಿಲ್ಲರ್ ತನ್ನ ಕೊನೆಯ ಮೂರು ವರ್ಷ ಓಡಲು ಹೆಚ್ಚು ಅವಕಾಶ ಕೊಡುವ ನಿಯಮದಲ್ಲಿ ಆಡಿದ. ಪೊಲಾರ್ಡ್ ಮೂರು ವರ್ಷವೂ ಅವಕಾಶ ಕಡಿಮೆ ಮಾಡುವ ನಿಯಮದಲ್ಲಿ ಆಡಿದ. ಎರಡು 7ಗಳನ್ನು ಒಂದೇ ತಕ್ಕಡಿಗೆ ಹಾಕುವ ಮೊದಲು ಇದನ್ನು ತಿಳಿದಿರಬೇಕು.

ಅವರು ಇನ್ನೊಂದು ಎಚ್ಚರಿಕೆಯನ್ನೂ ಇಟ್ಟುಕೊಂಡಿದ್ದಾರೆ. ಸರಾಸರಿಯ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಪಂದ್ಯವೊಂದಕ್ಕೆ ಸರಾಸರಿ 1.2 ಸಲವಾದರೂ ಓಡಿರಬೇಕು. ವರ್ಷದಲ್ಲಿ ಒಂದೇ ಸಲ ಓಡಿ ಅದೃಷ್ಟದಿಂದ 90 ಗಜ ದಾಟಿದವನು ಸರಾಸರಿ 90 ಎಂದು ಪಟ್ಟಿಯ ತಲೆಯ ಮೇಲೆ ಕೂರಬಾರದು ಎಂಬುದಕ್ಕೆ ಈ ಕಟ್ಟುಪಾಡು. ನಾಣ್ಯ ಚಿಮ್ಮಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಹತ್ತು ಸಲ ಚಿಮ್ಮಿದಾಗ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವುದು ಅಪರೂಪವೇನಲ್ಲ. ಇಂತಹ ಹತ್ತರ ಆಟವನ್ನು ಆರು ಬಾರಿ ಆಡಿದರೆ ಹೆಚ್ಚುಕಡಿಮೆ ಒಂದು ಬಾರಿ ಹಾಗೆ ಆಗುತ್ತದೆ. ನೂರು ಸಲ ಚಿಮ್ಮಿ ಎಪ್ಪತ್ತು ಸಲ ತಲೆ ಬಿದ್ದರೆ ಮಾತ್ರ ನಾಣ್ಯದ ಮೇಲೆ ಅನುಮಾನಪಡಬೇಕು. ಹತ್ತು ರೈಡ್ ನೋಡಿ ಒಬ್ಬ ಹುಡುಗನನ್ನು ಹೊಗಳುವುದೂ ಹತ್ತು ರೈಡ್ ನೋಡಿ ತೆಗೆದುಹಾಕುವುದೂ ಹತ್ತು ಸಲ ನಾಣ್ಯ ಚಿಮ್ಮಿ ತೀರ್ಮಾನ ಹೇಳಿದ ಹಾಗೆಯೇ.

ಇನ್ನು ನಮ್ಮ ಆಟಕ್ಕೆ ಬರೋಣ. ಕಬಡ್ಡಿಯಷ್ಟು ರೂಪ ಬದಲಿಸಿದ ಆಟ ಇನ್ನೊಂದು ಸಿಗುವುದು ಕಷ್ಟ. ತಮಿಳುನಾಡಿನಲ್ಲಿ ಸಡುಗುಡು, ಮಹಾರಾಷ್ಟ್ರದಲ್ಲಿ ಹುತುತು ಎಂದು ಹೆಸರೇ ಬೇರೆಬೇರೆ. ಆಡುವ ಕ್ರಮದಲ್ಲೂ ಮೂರು ಬಗೆಗಳಿದ್ದವು. ಸಂಜೀವನಿ ಎಂಬ ಬಗೆಯಲ್ಲಿ ಎದುರಾಳಿ ಔಟಾದರೆ ನಮ್ಮವನೊಬ್ಬ ಮತ್ತೆ ಒಳಗೆ ಬರುತ್ತಾನೆ. ಗಾಮಿನಿಯಲ್ಲಿ ಔಟಾದವನು ಇಡೀ ತಂಡ ಖಾಲಿಯಾಗುವವರೆಗೂ ಹೊರಗೇ ಇರಬೇಕು. ಅಮರ್ ಎಂಬ ಬಗೆಯಲ್ಲಿ ಔಟಾದವನು ಹೊರಗೆ ಹೋಗುವುದೇ ಇಲ್ಲ, ಅಂಕ ಮಾತ್ರ ಬರೆದುಕೊಳ್ಳುತ್ತಾರೆ. ಈಗ ಎಲ್ಲ ಕಡೆ ನಡೆಯುವ ಆಟ ಸಂಜೀವನಿಯ ದಾರಿಯದು. ಅಮರ್ ಆಡಿದ ರೈಡರ್ ಪ್ರತಿ ಸಲವೂ ಪೂರ್ತಿ ತಂಡವನ್ನು ಎದುರಿಸುತ್ತಿದ್ದ. ಸಂಜೀವನಿಯ ರೈಡರ್‌ಗೆ ಒಮ್ಮೆ ಏಳು ಜನ, ಒಮ್ಮೆ ಇಬ್ಬರು. ಇವರಿಬ್ಬರ ಅಂಕವನ್ನು ಹಾಗೆಯೇ ಹೋಲಿಸಿದರೆ ತಪ್ಪಾಗುತ್ತದೆ.

1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಈ ಆಟವನ್ನು ಹೊರಗಿನ ಜನರಿಗೆ ತೋರಿಸಿದರು. 1950ರಲ್ಲಿ ಅಖಿಲ ಭಾರತ ಒಕ್ಕೂಟ ಹುಟ್ಟಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಪದಕದ ಸ್ಥಾನ ದೊರೆಯಿತು. ಅಂದಿನಿಂದ 2014ರವರೆಗೆ ಪುರುಷರ ಚಿನ್ನ ಭಾರತದ್ದೇ ಆಗಿತ್ತು. 2018ರಲ್ಲಿ ಜಕಾರ್ತದಲ್ಲಿ ಇರಾನ್ ನಮ್ಮನ್ನು ಸೆಮಿಫೈನಲ್‌ನಲ್ಲಿ ಸೋಲಿಸಿತು. 2023ರಲ್ಲಿ ಹಾಂಗ್‌ಝೌನಲ್ಲಿ ಚಿನ್ನ ಮರಳಿ ಬಂತು. ಈ ದಾರಿಯುದ್ದಕ್ಕೂ ಆಟದ ಒಳಗೆ ಬಹಳಷ್ಟು ಬದಲಾಗಿದೆ. ಉಸಿರು ಇರುವಷ್ಟು ಹೊತ್ತು ಎಂಬುದರ ಜಾಗದಲ್ಲಿ 30 ಸೆಕೆಂಡಿನ ಗಡಿಯಾರ ಬಂತು. ಬೋನಸ್ ಗೆರೆ ಬಂತು. ಎದುರಿಗೆ ಕನಿಷ್ಠ ಆರು ಜನರಿದ್ದಾಗ ಆ ಗೆರೆ ದಾಟಿ ಬಂದರೆ, ಯಾರನ್ನೂ ಮುಟ್ಟದಿದ್ದರೂ ಒಂದು ಅಂಕ. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟ್ ಎಂಬ ನಿಯಮವೂ ಬಂತು. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುತ್ತಿದ್ದವರು ಈಗ ದೊಡ್ಡ ಪಂದ್ಯಗಳಲ್ಲಿ ಬೂಟು ಹಾಕಿಕೊಂಡು ಮ್ಯಾಟ್ ಮೇಲೆ ಆಡುತ್ತಾರೆ. ಊರಿನ ಮಣ್ಣಿನಲ್ಲಿ ಕಲಿತವನು ಮೊದಲ ಸಲ ಮ್ಯಾಟ್ ಮೇಲೆ ನಿಂತಾಗ ಅವನ ಕಾಲು ಅವನ ಮಾತು ಕೇಳುವುದಿಲ್ಲ. ಇದು ನಾನೇ ಕಂಡು ಅನುಭವಿಸಿದ್ದು.

ಮೊದಲು ಹೇಳಿದ ಆ ತಾತನ ಮೂರು ಅಂಕವೂ ಈಗಿನ ಹುಡುಗನ ಮೂರು ಅಂಕವೂ ಯಾಕೆ ಬೇರೆ ಎಂದು ಈಗ ಗೊತ್ತಾಗಿರಬಹುದು. ತಾತ ಮೂವರನ್ನು ಮುಟ್ಟಿಯೇ ಮೂರು ತಂದದ್ದು. ಈ ಹುಡುಗನ ಮೂರರಲ್ಲಿ ಒಂದು ಬೋನಸ್ ಇರಬಹುದು. ಆದರೆ ಈ ಹುಡುಗನಿಗೆ ಖಾಲಿ ಕೈಯಲ್ಲಿ ಮತ್ತೆ ಮತ್ತೆ ಬರುವ ಸ್ವಾತಂತ್ರ್ಯವಿಲ್ಲ. ತಾತನಿಗೆ ಅದಿತ್ತು.

ನಿಯಮ ಒಂದೇ ಇದ್ದಾಗಲೂ ಅಂಕಿಗಳು ಹೇಗೆ ಆಟವಾಡಿಸುತ್ತವೆ ಎಂಬುದಕ್ಕೆ ನೀವೆಲ್ಲ ಟಿ.ವಿ.ಯಲ್ಲಿ ನೋಡಿದ ಪ್ರೊ ಕಬಡ್ಡಿ ಲೀಗನ್ನೇ ತೆಗೆದುಕೊಳ್ಳೋಣ. 2014ರಲ್ಲಿ ಈ ಲೀಗ್ ಆರಂಭವಾದಾಗ ಇದ್ದದ್ದು 8 ತಂಡ. ಪ್ರತಿ ತಂಡಕ್ಕೆ ಲೀಗ್ ಹಂತದಲ್ಲಿ 14 ಪಂದ್ಯ. 2017ರಲ್ಲಿ ತಂಡಗಳು 12 ಆದವು, ಪಂದ್ಯಗಳು 22 ಆದವು. ಹಾಗಾಗಿ ಮೊದಲ ವರ್ಷದವರ ಒಟ್ಟು ಅಂಕವನ್ನು ಆಮೇಲಿನವರ ಒಟ್ಟು ಅಂಕದೊಂದಿಗೆ ಹೋಲಿಸಿ ಫಲವಿಲ್ಲ. ಪಂದ್ಯಕ್ಕೆ ಎಷ್ಟು ಎಂದು ಭಾಗಿಸಬೇಕು.

ಭಾಗಿಸಿದರೆ ಏನಾಗುತ್ತದೆ? 2017ರಲ್ಲಿ ಪಟ್ನಾ ಪೈರೇಟ್ಸ್‌ನ ಪ್ರದೀಪ್ ನರ್ವಾಲ್ 26 ಪಂದ್ಯಗಳಲ್ಲಿ 369 ರೈಡ್ ಅಂಕ ತಂದರು. 2019ರಲ್ಲಿ ನಮ್ಮ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ 24 ಪಂದ್ಯಗಳಲ್ಲಿ 346 ತಂದರು. ಒಟ್ಟು ನೋಡಿದರೆ ಪ್ರದೀಪ್ ಮುಂದೆ. ಪಂದ್ಯಕ್ಕೆ ಭಾಗಿಸಿದರೆ ಪ್ರದೀಪ್‌ಗೆ 14.19, ಪವನ್‌ಗೆ 14.42. ಈಗ ಪವನ್ ಮುಂದೆ. ಬೆಂಗಳೂರಿನವರು ಇಲ್ಲಿಗೇ ಲೆಕ್ಕ ನಿಲ್ಲಿಸಿ ಚಪ್ಪಾಳೆ ಹೊಡೆಯಬಹುದು. ಆದರೆ ಇನ್ನೂ ಒಂದು ಹೆಜ್ಜೆ ಇಡೋಣ. ಪವನ್ ಆ ವರ್ಷ ಪಂಚಕುಲದಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ಅಂಕ ತಂದಿದ್ದರು. ಪ್ರದೀಪ್ ತಮ್ಮ ವರ್ಷದಲ್ಲಿ ಅದೇ ಹರಿಯಾಣ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 34 ತಂದಿದ್ದರು. ಇಬ್ಬರಿಗೂ ಆ ಒಂದೊಂದು ಅಸಾಧಾರಣ ಪಂದ್ಯವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿ. ಪ್ರದೀಪ್‌ಗೆ 25 ಪಂದ್ಯಗಳಲ್ಲಿ 335, ಸರಾಸರಿ 13.40. ಪವನ್‌ಗೆ 23 ಪಂದ್ಯಗಳಲ್ಲಿ 307, ಸರಾಸರಿ 13.35. ಮತ್ತೆ ಪ್ರದೀಪ್ ಒಂದು ಕೂದಲೆಳೆಯಷ್ಟು ಮುಂದೆ.

ಮೂರು ಸಲ ಲೆಕ್ಕ ಹಾಕಿದೆವು, ಎರಡು ಸಲ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ ಆದರು. ಯಾವ ಲೆಕ್ಕವೂ ಸುಳ್ಳಲ್ಲ. ಇದರಿಂದ ನಾನು ತಿಳಿದದ್ದು ಇಷ್ಟು: ಈ ಇಬ್ಬರು ಆ ಎರಡು ವರ್ಷಗಳಲ್ಲಿ ಸರಿಸಮನಾಗಿದ್ದರು. ಯಾರೋ ಒಬ್ಬರು ಬಹಳ ಮೇಲು ಎಂದು ಹಟ ಹಿಡಿಯುವವರು ತಮಗೆ ಬೇಕಾದ ಒಂದು ಲೆಕ್ಕವನ್ನು ಮಾತ್ರ ತೋರಿಸುತ್ತಿರುತ್ತಾರೆ.

ಕಾಲೇಜು ತಂಡದ ವಿಷಯ ಇದಕ್ಕಿಂತ ಕಷ್ಟ. ಅಲ್ಲಿ ಪದವಿ ಮುಗಿಯುವುದರೊಳಗೆ ಆಟಗಾರ ಹೊರಟುಹೋಗುತ್ತಾನೆ. ಮೂರು ವರ್ಷಕ್ಕೆ ಇಡೀ ತಂಡವೇ ಹೊಸದು. ಪಂದ್ಯಗಳು ಕಡಿಮೆ. ಒಂದು ವರ್ಷ ಮೊದಲ ಸುತ್ತಿನಲ್ಲೇ ಬಲವಾದ ತಂಡ ಎದುರಾಗುತ್ತದೆ, ಇನ್ನೊಂದು ವರ್ಷ ಫೈನಲ್‌ವರೆಗೂ ಸಲೀಸು. ಹಾಗಾದರೆ ಏನನ್ನು ನೋಡಬೇಕು? ನಾನು ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಪಂದ್ಯಕ್ಕೆ ಎಷ್ಟು ಎನ್ನುವುದಕ್ಕಿಂತ ರೈಡ್‌ಗೆ ಎಷ್ಟು ಎಂದು ಕೇಳಿ. ಒಬ್ಬ ಹುಡುಗ ಒಂದು ವರ್ಷ 160 ರೈಡ್ ಮಾಡಿ 64 ಅಂಕ ತಂದ ಎಂದುಕೊಳ್ಳಿ. ಮರುವರ್ಷ ತಂಡಕ್ಕೆ ಇನ್ನೊಬ್ಬ ಒಳ್ಳೆಯ ರೈಡರ್ ಬಂದದ್ದರಿಂದ ಇವನಿಗೆ 96 ರೈಡ್ ಮಾತ್ರ ಸಿಕ್ಕಿತು, 48 ಅಂಕ ತಂದ. ಒಟ್ಟು ಇಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೊದಲ ವರ್ಷ ಹತ್ತು ರೈಡ್‌ಗೆ ನಾಲ್ಕು ಅಂಕ, ಎರಡನೆಯ ವರ್ಷ ಹತ್ತಕ್ಕೆ ಐದು. ಹುಡುಗ ಸುಧಾರಿಸಿದ್ದಾನೆ.

ಎರಡನೆಯದು, ಎದುರಿಗೆ ಎಷ್ಟು ಜನರಿದ್ದರು ಎಂದು ನೋಡಿ. ಏಳು ಜನರಿರುವಾಗ ಬೋನಸ್ ಸಿಗಬಹುದು, ಆದರೆ ಕೈಕೈ ಹಿಡಿದ ಚೈನ್‌ಗೆ ಸಿಕ್ಕಿಬೀಳುವ ಅಪಾಯ ಹೆಚ್ಚು. ಇಬ್ಬರೇ ಇರುವಾಗ ಓಡಾಡಲು ಜಾಗವಿದೆ, ಆದರೆ ಬೋನಸ್ ಇಲ್ಲ. ಒಬ್ಬನನ್ನು ಯಾವಾಗಲೂ ಮೊದಲ ರೈಡ್‌ಗೆ, ಇನ್ನೊಬ್ಬನನ್ನು ಎದುರಾಳಿಗಳು ಕಡಿಮೆಯಾದ ಮೇಲೆ ಕಳುಹಿಸಿದರೆ ಇಬ್ಬರೂ ಮಾಡಿದ್ದು ಬೇರೆ ಬೇರೆ ಕೆಲಸ.

ಮೂರನೆಯದು, ಅಂಕ ತಂದದ್ದರ ಜೊತೆಗೆ ಹಿಡಿಸಿಕೊಂಡದ್ದನ್ನೂ ಬರೆಯಿರಿ. ರೈಡರ್ ಸಿಕ್ಕಿಬಿದ್ದರೆ ಎದುರಾಳಿಗೆ ಒಂದು ಅಂಕ, ಜೊತೆಗೆ ನಮ್ಮವನು ಹೊರಗೆ, ಅವರವನೊಬ್ಬ ಒಳಗೆ. ಹತ್ತು ಅಂಕ ತಂದು ಎಂಟು ಸಲ ಸಿಕ್ಕಿಬಿದ್ದವನಿಗಿಂತ ಏಳು ತಂದು ಎರಡು ಸಲ ಸಿಕ್ಕಿಬಿದ್ದವನು ತಂಡಕ್ಕೆ ಹೆಚ್ಚು ಕೊಟ್ಟಿರುತ್ತಾನೆ. ಅಮೆರಿಕದ ಆ ಓಟಗಾರನಿಗೂ ದಾರಿ ಬಿಡಿಸಿಕೊಡುವ ಹತ್ತು ಜನ ಜೊತೆಗಾರರಿರುತ್ತಾರೆ. ನಮ್ಮ ರೈಡರ್ ಒಬ್ಬನೇ ಹೋದರೂ ಅವನು ಔಟಾಗಿ ಕೂತಾಗ ಮತ್ತೆ ಒಳಗೆ ತರುವವರು ಹಿಂದಿರುವ ಹಿಡಿತಗಾರರೇ. ಅವರು ಬಲವಾಗಿದ್ದ ವರ್ಷ ರೈಡರ್ ಹೆಚ್ಚು ಹೊತ್ತು ಅಂಕಣದಲ್ಲಿರುತ್ತಾನೆ, ಅಂಕವೂ ಹೆಚ್ಚುತ್ತದೆ.

ನಾಲ್ಕನೆಯದು, ಪುಸ್ತಕದ ಮೊದಲ ಪುಟದಲ್ಲಿ ಯಾವ ನಿಯಮ, ಮಣ್ಣೋ ಮ್ಯಾಟೋ, ಎದುರಾಳಿ ಯಾರು, ಅದು ತಾಲ್ಲೂಕು ಮಟ್ಟದ ಪಂದ್ಯವೋ ವಿಶ್ವವಿದ್ಯಾಲಯದ್ದೋ ಎಂದು ಬರೆಯಿರಿ. ಮುಂದೆ ಹತ್ತು ವರ್ಷದ ನಂತರ ಓದುವವನಿಗೆ ಆಟವೇ ಬದಲಾಗಿರಬಹುದು.

ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಿಮ್ಮದು 12 ಮೀಟರ್ ಉದ್ದ, 8 ಮೀಟರ್ ಅಗಲ. ಎಂದರೆ ಅದೇ ಏಳು ಜನ, ಜಾಗ ಮಾತ್ರ ಕಡಿಮೆ. ಬಹುಕಾಲ ನಿಮಗೆ 20 ನಿಮಿಷದ ಬದಲು 15 ನಿಮಿಷದ ಅವಧಿಗಳಿದ್ದವು. ಹುಡುಗರ ಅಂಕ ತೋರಿಸಿ ನಿಮ್ಮನ್ನು ಅಳೆಯಲು ಯಾರಾದರೂ ಬಂದರೆ ಈ ಅಳತೆಗಳನ್ನು ಹೇಳಿ. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ನಮ್ಮ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ. 2014ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ನಮ್ಮ ಕಡೆಯ ಹುಡುಗಿಯರ ಪಂದ್ಯಗಳಿಗೆ ಹೋದಾಗ ರೈಡ್ ಬರೆದುಕೊಳ್ಳುವವರು ನನಗೆ ಕಾಣಿಸಿಲ್ಲ. ನಿಮ್ಮ ಪುಸ್ತಕವನ್ನು ನೀವೇ ಶುರು ಮಾಡಬೇಕು.

ಇಷ್ಟೆಲ್ಲ ಬರೆಯಲು ಆಗುತ್ತದೆಯೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಪ್ರತಿ ರೈಡ್ ಪೂರ್ತಿ 30 ಸೆಕೆಂಡ್ ಹಿಡಿದರೆ 40 ನಿಮಿಷದ ಆಟದಲ್ಲಿ 80 ರೈಡ್. ಅದರಲ್ಲಿ ನಮ್ಮ ತಂಡದ್ದು 40. ಬೇಗ ಮುಗಿಯುವ ರೈಡ್‌ಗಳಿಂದ ಇನ್ನು ಕೆಲವು ಸೇರಬಹುದು. ಒಂದು ರೈಡ್‌ಗೆ ಒಂದು ಸಾಲು ಎಂದರೂ ಪಂದ್ಯಕ್ಕೆ ಎರಡು ಪುಟ ಸಾಕು. 200 ಪುಟದ ಒಂದು ನೋಟ್‌ಪುಸ್ತಕದಲ್ಲಿ ಕಾಲೇಜಿನ ಹಲವು ವರ್ಷಗಳ ಆಟ ಕೂರುತ್ತದೆ. ಸಾಲಿನಲ್ಲಿ ರೈಡರ್‌ನ ನಂಬರು, ಮೊದಲ ಅವಧಿಯೋ ಎರಡನೆಯದೋ, ಎದುರಿಗೆ ಎಷ್ಟು ಜನ, ಕೊನೆಗೆ ಏನಾಯಿತು ಎಂಬುದಕ್ಕೆ ಒಂದಕ್ಷರ. ಮುಟ್ಟಿ ಬಂದರೆ ಮು, ಬೋನಸ್ ಆದರೆ ಬೋ, ಖಾಲಿ ಬಂದರೆ ಖಾ, ಹಿಡಿಸಿಕೊಂಡರೆ ಹಿ. ಬೆಂಚಿನಲ್ಲಿ ಕೂತ ಹುಡುಗ ಬರೆಯಬಹುದು.

ಈ ಅಕ್ಷರಗಳು ನನ್ನ ಸ್ವಂತದ್ದಲ್ಲ. ನಾನು ಹೇಳಿದ ಕಥೆಯ ಉಳಿದ ಭಾಗ ಇಲ್ಲಿದೆ. ನಮ್ಮ ತಂಡದಲ್ಲಿ ಆಡಲು ಅವಕಾಶವೇ ಸಿಗದ ಒಬ್ಬ ಗೆಳೆಯನಿದ್ದ. ಬೆಂಚಿನಲ್ಲಿ ಕೂತು ಬೇಜಾರಾಗಿ ಅವನು ಕಾಮರ್ಸ್ ನೋಟ್ಸಿನ ಹಿಂದಿನ ಹಾಳೆಗಳಲ್ಲಿ ನಮ್ಮ ಸೀನಿಯರ್ ಆಡಿದ ವರ್ಷದ ರೈಡ್‌ಗಳನ್ನೂ ನಾನು ಆಡಿದ ವರ್ಷದ ರೈಡ್‌ಗಳನ್ನೂ ಹೀಗೆ ಒಂದೊಂದಕ್ಷರದಲ್ಲಿ ಬರೆದಿದ್ದ. ಪದವಿ ಮುಗಿದು, ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ, ಪತ್ರಿಕೆಗೆ ಸೇರಿದ ಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಆ ಪುಸ್ತಕ ಇನ್ನೂ ಮನೆಯಲ್ಲಿದೆ ಎಂದ. ತರಿಸಿಕೊಂಡು ಒಂದು ಭಾನುವಾರ ಪೂರ್ತಿ ಕೂತು ಎಣಿಸಿದೆ.

ನನಗೆ ಅನ್ಯಾಯವಾಯಿತು ಎಂದು ಅಂಕಿಗಳು ಹೇಳುತ್ತವೆ ಎಂಬ ಆಸೆ ಇತ್ತು. ಅರ್ಧ ಮಾತ್ರ ಹೇಳಿದವು. ಸೀನಿಯರ್ ನನ್ನ ಎರಡರಷ್ಟು ರೈಡ್ ಮಾಡಿದ್ದರು. ರೈಡ್‌ಗೆ ಎಷ್ಟು ಎಂದು ಭಾಗಿಸಿದರೆ ನಾವಿಬ್ಬರೂ ಹತ್ತಿರ ಹತ್ತಿರವೇ ಇದ್ದೆವು. ಅಂದು ನನಗೆ ಕೊಟ್ಟ ಕಾರಣ ತಪ್ಪು. ಆದರೆ ಎರಡನೆಯ ಅವಧಿಯ ಸಾಲುಗಳಲ್ಲಿ ನನ್ನ ನಂಬರಿನ ಮುಂದೆ ಹಿ, ಹಿ ಎಂದು ಸಾಲಾಗಿ ಬರೆದಿತ್ತು. ಮಧ್ಯಂತರದ ನಂತರ ನಾನು ಸುಸ್ತಾಗಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದೆ. ಸೀನಿಯರ್ ಹಾಗಲ್ಲ, ಕೊನೆಯ ನಿಮಿಷದಲ್ಲೂ ಬಿಡಿಸಿಕೊಂಡು ಬರುತ್ತಿದ್ದರು. ನಾನು ಅವರಿಗಿಂತ ಕಡಿಮೆಯಿದ್ದೆ ಎಂಬುದು ನಿಜ. ಎಲ್ಲಿ ಕಡಿಮೆಯಿದ್ದೆ ಎಂಬುದನ್ನು ಯಾರೂ ಹೇಳಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ದಿನಾ ಬೆಳಿಗ್ಗೆ ಇನ್ನೊಂದು ಮೈಲಿ ಓಡುತ್ತಿದ್ದೆ. ಮೂರನೆಯ ವರ್ಷ ಆಡುತ್ತಿದ್ದೆನೋ ಇಲ್ಲವೋ, ಪ್ರಯತ್ನಿಸಲು ಒಂದು ದಾರಿಯಂತೂ ಇರುತ್ತಿತ್ತು.

ಹಳೆಯ ಆಟಗಾರರನ್ನೂ ಹೊಸಬರನ್ನೂ ಹೋಲಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೋಲಿಸದಿದ್ದರೆ ಕಟ್ಟೆಯ ಮೇಲೆ ಕೂರುವುದರಲ್ಲಿ ಸುಖವೇನಿದೆ? ಆದರೆ ಆ ಹೋಲಿಕೆಯಿಂದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ತಂಡದಿಂದ ಹೊರಗಿಡುವುದಾದರೆ ಅವರ ಮುಂದೆ ಇಡಲು ಒಂದು ಹಾಳೆ ಇರಬೇಕು. ಬರುವಾಗ ನಾನು ಒಂದು ನೋಟ್‌ಪುಸ್ತಕ ತಂದಿದ್ದೇನೆ. ಮೊದಲ ಪುಟದಲ್ಲಿ ಇವತ್ತಿನ ತಾರೀಖನ್ನೂ ಊರಿನ ಹೆಸರನ್ನೂ ಬರೆದಿದ್ದೇನೆ. ಸಂಜೆ ನಿಮ್ಮ ಅಭ್ಯಾಸ ಪಂದ್ಯವಿದೆ ಎಂದು ಕೇಳಿದೆ. ಯಾರು ಬೆಂಚಿನಲ್ಲಿ ಕೂರುತ್ತೀರೋ ಅವರು ಬಂದು ಇದನ್ನು ತೆಗೆದುಕೊಳ್ಳಿ.